ಹೇಗಿತ್ತು ಚಿತ್ರ?

ಸಿನಿಮಾ ನೋಡಿ ಮನೆಗೆ ಬಂದವರನ್ನು ಯಾರೂ "ಏನು ನೋಡಿದಿರಿ?" ಎಂದು ಕೇಳುವುದಿಲ್ಲ, "ಹೇಗಿತ್ತು?" ಎಂದೇ ಕೇಳುತ್ತಾರೆ. ಬಂದವರೂ ಚಪ್ಪಲಿ ಬಿಡುವುದರೊಳಗೆ ತೀರ್ಪು ಹೇಳಿ ಮುಗಿಸಿರುತ್ತಾರೆ. "ಪರವಾಗಿಲ್ಲ", "ಒಂದು ಸಲ ನೋಡಬಹುದು", "ಹಾಡು ಚೆನ್ನಾಗಿವೆ", "ಇಂಟರ್ವಲ್‌ವರೆಗೆ ಚೆನ್ನಾಗಿತ್ತು, ಆಮೇಲೆ ಎಳೆದುಬಿಟ್ಟಿದ್ದಾರೆ." ಎರಡೂವರೆ ಗಂಟೆಯ ಚಿತ್ರ, ಅದಕ್ಕಾಗಿ ತಿಂಗಳುಗಟ್ಟಲೆ ದುಡಿದವರು ನೂರಾರು ಮಂದಿ, ತೀರ್ಪು ಮಾತ್ರ ಎರಡೇ ಮಾತು. ನಮ್ಮ ಯಾವ ನ್ಯಾಯಾಲಯದಲ್ಲಿಯೂ ವ್ಯವಹಾರ ಇಷ್ಟು ಬೇಗ ತೀರಿದ್ದನ್ನು ನೀವು ಕಂಡಿರಲಾರಿರಿ.

ಹಾಗೆಂದು ಆ ಎರಡು ಮಾತು ಹಗುರವಾದುವೆಂದು ತಿಳಿಯಬಾರದು. ಪತ್ರಿಕೆಗಳಲ್ಲಿ ವಿಮರ್ಶೆ ಬರೆಯುವವರು ಕೆಲವೇ ಮಂದಿ. ಚಿತ್ರ ನೋಡಿ ಬಂದು ನೆರೆಯವರಿಗೆ ಹೇಳುವವರು ಲೆಕ್ಕವಿಲ್ಲದಷ್ಟು. ವಿಮರ್ಶಕರು ಬರೆದುದನ್ನು ಓದುತ್ತೇವೆ, ತಲೆದೂಗುತ್ತೇವೆ, ಪತ್ರಿಕೆಯನ್ನು ಮಡಿಸಿಡುತ್ತೇವೆ. ಆದರೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಯಾವ ಚಿತ್ರಕ್ಕೆ ಹೋಗುವುದು ಎಂಬ ಪ್ರಶ್ನೆ ಬಂದಾಗ ನಾವು ಕಿವಿಗೊಡುವುದು ಕಚೇರಿಯ ಗೆಳೆಯನಿಗೆ, ನಾದಿನಿಗೆ, ಎದುರುಮನೆಯ ಹುಡುಗನಿಗೆ. ಕಾರಣ ಸರಳವಾಗಿದೆ. ವಿಮರ್ಶಕರಿಗೆ ಸಿನಿಮಾ ಗೊತ್ತು. ನಾದಿನಿಗೆ ನಾವು ಗೊತ್ತು. ನಾನಿಲ್ಲಿ ಹೇಳಹೊರಟಿರುವುದು ಪಂಡಿತರ ಅಭಿಪ್ರಾಯವನ್ನು ಕುರಿತಲ್ಲ, ಈ ಸಾಮಾನ್ಯ ಪ್ರೇಕ್ಷಕರ ಅಭಿಪ್ರಾಯವನ್ನು ಕುರಿತು. ಎಂದರೆ ನಿಮ್ಮ ಅಭಿಪ್ರಾಯವನ್ನೇ ಕುರಿತು.

ಪ್ರೇಕ್ಷಕನ ಮಾತಿಗೆ ಇಷ್ಟು ಬೆಲೆ ಬಂದದ್ದು ಹೇಗೆಂಬುದನ್ನು ನೋಡೋಣ. ಕಂಪನಿ ನಾಟಕಗಳ ಕಾಲದಲ್ಲಿ ಅಭಿಪ್ರಾಯವನ್ನು ಮನೆಗೆ ಹೊತ್ತುಕೊಂಡು ಹೋಗುವ ಅಗತ್ಯವಿರಲಿಲ್ಲ. ನಟನ ಮುಖದೆದುರೇ ಹೇಳಿ ಮುಗಿಸಬಹುದಾಗಿತ್ತು. ಹಾಡು ಹಿಡಿಸಿತೋ, "ಒನ್ಸ್ ಮೋರ್" ಎಂದು ಕೂಗಿದರಾಯಿತು, ನಟ ಮತ್ತೊಮ್ಮೆ ಹಾಡುತ್ತಿದ್ದ. ಸತ್ತು ಬಿದ್ದಿದ್ದ ಪಾತ್ರವೂ ಜನ ಒತ್ತಾಯಿಸಿದರೆ ಎದ್ದು ಹಾಡಿ ಮತ್ತೆ ಸಾಯುತ್ತಿತ್ತೆಂದು ಹಿರಿಯರು ನಗೆಯಾಡುವುದುಂಟು. ಹಿಡಿಸಲಿಲ್ಲವೋ, ಅದನ್ನು ತಿಳಿಸುವುದಕ್ಕೂ ಶಿಳ್ಳೆಯಿಂದ ಮೊದಲುಗೊಂಡು ಅನೇಕ ಉಪಾಯಗಳಿದ್ದುವು. ನಾಟಕ ಅಂದಂದಿಗೆ ತನ್ನನ್ನು ತಿದ್ದಿಕೊಳ್ಳುತ್ತಿತ್ತು.

1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡಿತು. ಸುಬ್ಬಯ್ಯ ನಾಯ್ಡು ಅವರು ರಂಗಭೂಮಿಯಲ್ಲಿ ಜನ ಕಂಡು ಮೆಚ್ಚಿದ್ದ ನಟರು. ಆದರೆ ತೆರೆಯ ಮೇಲಿನ ನಾಯ್ಡು ಅವರಿಗೆ ಸಭೆಯ "ಒನ್ಸ್ ಮೋರ್" ಕೇಳಿಸುವಂತಿರಲಿಲ್ಲ. ಚಿತ್ರ ಯಾರಿಗೂ ಕಿವಿಗೊಡದೆ ತನ್ನಷ್ಟಕ್ಕೆ ಓಡುತ್ತದೆ. ಅಲ್ಲಿಂದೀಚೆಗೆ ಪ್ರೇಕ್ಷಕನ ಅಭಿಪ್ರಾಯಕ್ಕೆ ಚಿತ್ರಮಂದಿರದ ಒಳಗೆ ಕೆಲಸ ಕಡಮೆಯಾಗಿ, ಹೊರಗೆ ಹೆಚ್ಚಾಯಿತು. ನಟನಿಗೆ ಹೇಳಲಾರದ್ದನ್ನು ಅವನು ನೆರೆಯವನಿಗೆ ಹೇಳತೊಡಗಿದ. ಚಿತ್ರದೊಳಗಿನ ಒಂದು ಅಕ್ಷರವನ್ನೂ ಆ ಮಾತು ಬದಲಾಯಿಸಲಾರದು. ಆದರೆ ಚಿತ್ರ ಬದುಕುವುದೋ ಸಾಯುವುದೋ ಎಂಬುದನ್ನು ಅದು ನಿಶ್ಚಯಿಸಬಲ್ಲದು.

ಇದು ಅತಿಶಯದ ಮಾತಲ್ಲ. ಹಿಂದಿಯ 'ಶೋಲೆ' ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದದ್ದು. 1975ರ ಆಗಸ್ಟ್ 15ರಂದು ಅದು ಬಿಡುಗಡೆಯಾದಾಗ ವಿಮರ್ಶಕರಲ್ಲಿ ಹಲವರು ಮುಖ ಸಿಂಡರಿಸಿದರು. ಚಿತ್ರವ್ಯಾಪಾರದವರು ಇದು ಸೋತಿತೆಂದೇ ಲೆಕ್ಕ ಹಾಕಿದರು. ನೋಡಿ ಬಂದ ಜನ ಮಾತ್ರ ಗಬ್ಬರ್ ಸಿಂಗನ ಮಾತುಗಳನ್ನು ಬೀದಿಯಲ್ಲಿ ಆಡಿ ತೋರಿಸತೊಡಗಿದರು. ಕೇಳಿದವರು ನೋಡಹೋದರು. ಮುಂಬಯಿಯ ಮಿನರ್ವ ಚಿತ್ರಮಂದಿರದಲ್ಲಿ ಆ ಚಿತ್ರ ಐದು ವರ್ಷ ಓಡಿತು.

ಈಚಿನ ಕನ್ನಡ ಚಿತ್ರಗಳಲ್ಲಿಯೂ ಇದಕ್ಕೆ ನಿದರ್ಶನಗಳಿವೆ. 2015ರ ಜುಲೈ 3ರಂದು ಹೊಸಬರೇ ಸೇರಿ ಮಾಡಿದ 'ರಂಗಿತರಂಗ' ಬಂದಿತು. ಮುಂದಿನ ಶುಕ್ರವಾರವೇ 'ಬಾಹುಬಲಿ' ಬಂದು ಇಳಿಯಿತು. ಆನೆ ಬಂದ ಹಾದಿಯಲ್ಲಿ ಮೊಲ ನಿಲ್ಲುವುದುಂಟೆ? ಆದರೂ ಅದು ನಿಂತಿತು. "ಒಳ್ಳೆಯ ಕಥೆ, ಕೊನೆ ಯಾರಿಗೂ ಹೇಳಬೇಡಿ, ಹೋಗಿ ನೋಡಿ" ಎಂದು ನೋಡಿದವರು ನೋಡದವರಿಗೆ ಹೇಳಿದುದೇ ಅದರ ಬಲವಾಯಿತು. ಹತ್ತು ವರ್ಷಗಳ ಮೇಲೆ, 2025ರ ಜುಲೈ 25ರಂದು, ಕರಾವಳಿಯ ಒಂದು ಹಳ್ಳಿಯ ಕಥೆಯುಳ್ಳ 'ಸು ಫ್ರಮ್ ಸೋ' ಬಂದಿತು. ಅದರ ನಿರ್ದೇಶಕರು ಜೆ.ಪಿ. ತುಮಿನಾಡು. ಆರಂಭದಲ್ಲಿ ಪ್ರದರ್ಶನಗಳು ಕಡಮೆ. ನೋಡಿದವರು ನಗುನಗುತ್ತ ಹೊರಬಂದು ಇತರರಿಗೆ ಹೇಳಿದಂತೆಲ್ಲ ಪ್ರದರ್ಶನಗಳ ಸಂಖ್ಯೆ ದಿನದಿನಕ್ಕೆ ಏರಿತು. ಇಂಥ ಚಿತ್ರಗಳಿಗೆ ಪ್ರಚಾರಕ್ಕೆ ಸುರಿಯಲು ಹಣವಿರುವುದಿಲ್ಲ, ಆಳೆತ್ತರ ಮೀರಿದ ಕಟೌಟುಗಳಿರುವುದಿಲ್ಲ. ಅವುಗಳಿಗೆ ಇರುವ ಆಸ್ತಿ ಒಂದೇ, ನಿಮ್ಮ ಬಾಯಿಮಾತು. ಅದೂ ಬೇಗನೆ ಬರಬೇಕು. ಶುಕ್ರವಾರ ಬಂದ ಚಿತ್ರಕ್ಕೆ ಸೋಮವಾರ ಜನವಿಲ್ಲದಿದ್ದರೆ ಮುಂದಿನ ಶುಕ್ರವಾರ ಅದನ್ನು ಹುಡುಕಿದರೂ ಸಿಕ್ಕದು.

ಹೀಗಿರುವಾಗ ನಾವು ಆಡುವ ಮಾತುಗಳನ್ನು ಸ್ವಲ್ಪ ತಿರುಗಿಸಿ ನೋಡುವುದು ಒಳ್ಳೆಯದು.

ಮೊದಲನೆಯದು "ಪರವಾಗಿಲ್ಲ". ಪಾರಸಿಯ 'ಪರವಾ' ಎಂಬ ಮಾತಿಗೆ ನಮ್ಮ 'ಇಲ್ಲ' ಸೇರಿ ಹುಟ್ಟಿದ ಈ ಪದ ಕನ್ನಡಿಗರ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿದೆ. ಯಾರಿಗೂ ನೋವಾಗದು, ಯಾವುದಕ್ಕೂ ನಾವು ಹೊಣೆಯಾಗುವುದಿಲ್ಲ. ಕಾಲು ತುಳಿದವನಿಗೂ ಪರವಾಗಿಲ್ಲ, ಉಪ್ಪು ಕಡಮೆಯಾದ ಸಾರಿಗೂ ಪರವಾಗಿಲ್ಲ, ಚಿತ್ರಕ್ಕೂ ಪರವಾಗಿಲ್ಲ. ಎಳೆದು ಹೇಳಿದರೆ ಚೆನ್ನಾಗಿಲ್ಲವೆಂದೂ, ಹುಬ್ಬೇರಿಸಿ ಹೇಳಿದರೆ ನಿರೀಕ್ಷೆಗಿಂತ ಚೆನ್ನಾಗಿದೆಯೆಂದೂ ಅರ್ಥ. ಎದುರಿಗೆ ನಿಂತು ಕೇಳಿದವರಿಗೆ ಈ ಭೇದ ತಿಳಿದೀತು; ಅವರು ಇನ್ನೊಬ್ಬರಿಗೆ ದಾಟಿಸುವ ಹೊತ್ತಿಗೆ ದನಿ ಉದುರಿಹೋಗಿ, ಪದವೊಂದೇ ಉಳಿದಿರುತ್ತದೆ. ಒಳ್ಳೆಯ ಚಿತ್ರವೊಂದು ಬೈಗುಳದಿಂದ ಸಾಯುವುದಕ್ಕಿಂತ ಪರವಾಗಿಲ್ಲದಿಂದ ಸಾಯುವ ಸಂಭವವೇ ಹೆಚ್ಚು. ಬೈದ ಚಿತ್ರವನ್ನು ನೋಡುವ ಕುತೂಹಲವಾದರೂ ಹುಟ್ಟೀತು. ಪರವಾಗಿಲ್ಲದ ಚಿತ್ರಕ್ಕಾಗಿ ಯಾರು ಆಟೋ ಹತ್ತುತ್ತಾರೆ?

ಎರಡನೆಯದು "ಎಳೆದಿದ್ದಾರೆ". ಇದು ಎಷ್ಟೋ ಬಾರಿ ನಿಜ. ಕಥೆ ಮುಗಿದ ಮೇಲೂ ಇಪ್ಪತ್ತು ನಿಮಿಷ ಹೊಡೆದಾಡುವ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ನಿಧಾನವೆಲ್ಲ ಎಳೆತವಲ್ಲ. 2023ರಲ್ಲಿ ಬಂದ ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರದ ಮೊದಲ ಭಾಗವನ್ನು ನೆನೆಯಿರಿ. ಮದುವೆಯಾಗಿ ಮನೆ ಹೂಡುವ ಆಸೆಯಿಂದ ಮನು ಬೇರೊಬ್ಬನ ಅಪರಾಧವನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸುತ್ತೇವೆಂದವರು ಬಿಡಿಸುವುದಿಲ್ಲ. ಹೊರಗೆ ಪ್ರಿಯಾ ಕಾಯುತ್ತಾಳೆ. ಕಾಯುವುದೇ ಕಥೆಯಾದ ಚಿತ್ರ ಓಡುತ್ತ ಹೋದೀತೆ? ಆ ಚಿತ್ರವನ್ನು ಕುರಿತು "ನಿಧಾನ" ಎಂದು ದೂರಿದವರೂ, "ನಿಧಾನವೇ ಅದರ ಸೊಗಸು" ಎಂದವರೂ ಕಂಡದ್ದು ಒಂದನ್ನೇ. ಇಬ್ಬರಲ್ಲಿ ಯಾರ ಮಾತೂ ಸುಳ್ಳಲ್ಲ. ಕೇಳಿದವರಿಗೆ ಉಪಯೋಗವಾಗುವುದು ಮಾತ್ರ, "ಹುಡುಗ ಜೈಲಿನಲ್ಲಿ, ಹುಡುಗಿ ಹೊರಗೆ, ನಿಧಾನವಾಗಿ ಸಾಗುತ್ತದೆ, ನನಗೆ ಭಾರವೆನಿಸಿತು" ಎನ್ನುವಷ್ಟು ವಿವರವಿದ್ದಾಗ. ಅಂಥ ಕಥೆ ತನಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ಕೇಳಿದವನು ತಾನೇ ನಿಶ್ಚಯಿಸಿಕೊಳ್ಳಬಲ್ಲ.

"ಅರ್ಥವಾಗಲಿಲ್ಲ" ಎಂಬುದು ಮೂರನೆಯ ಮಾತು. ಇದನ್ನು ಹೇಳಲು ನಾವು ನಾಚಿಕೊಳ್ಳುತ್ತೇವೆ. ನಾಚಿಕೆಯನ್ನು ಮುಚ್ಚಲು "ಚೆನ್ನಾಗಿಲ್ಲ" ಎಂದುಬಿಡುತ್ತೇವೆ. ಇವೆರಡೂ ಬೇರೆ ಬೇರೆ. 1998ರಲ್ಲಿ ಉಪೇಂದ್ರರ 'ಎ' ಚಿತ್ರ ಬಂದಾಗ ಹಿಂದುಮುಂದಾಗಿ ಹೇಳಿದ ಅದರ ಕಥೆ ಮೊದಲ ನೋಟಕ್ಕೆ ಅನೇಕರಿಗೆ ಹಿಡಿತಕ್ಕೆ ಸಿಕ್ಕಲಿಲ್ಲ. ಅರ್ಥವಾಗಲಿಲ್ಲವೆಂದೇ ಜನ ಎರಡನೆಯ ಸಲ ಹೋದರು. 2013ರ 'ಲೂಸಿಯಾ' ಜನರಿಂದಲೇ ಹಣ ಕೂಡಿಸಿ ಮಾಡಿದ ಚಿತ್ರ. ಅದರಲ್ಲಿ ಕನಸು ಯಾವುದು, ನನಸು ಯಾವುದು ಎಂಬ ಚರ್ಚೆ ಕಾಫಿ ಹೋಟೆಲುಗಳಲ್ಲಿ ಬಹುದಿನ ನಡೆಯಿತು. ಅರ್ಥವಾಗದಿರುವುದೂ ಒಂದು ಪ್ರಾಮಾಣಿಕ ಅನುಭವವೇ. ಹಾಗೆಂದೇ ಹೇಳಿದರೆ ಮರ್ಯಾದೆಗೆ ಕುಂದಿಲ್ಲ.

ನಾಲ್ಕನೆಯದು ಓದುವ ಮನೆಗಳಲ್ಲಿ ಕೇಳಿಬರುವ ಮಾತು: "ಕಾದಂಬರಿಯ ಹಾಗಿಲ್ಲ." ಪುಟ್ಟಣ್ಣ ಕಣಗಾಲರ 'ನಾಗರಹಾವು' 1972ರಲ್ಲಿ ಬಂದಾಗ, ಅದಕ್ಕೆ ಆಧಾರವಾದ ಕಾದಂಬರಿಗಳನ್ನು ಬರೆದ ತ.ರಾ.ಸು. ಅವರೇ ಅಸಮಾಧಾನಗೊಂಡಿದ್ದರೆಂಬುದು ತಿಳಿದ ವಿಷಯ. ಅವರ ಮೂರು ಕಾದಂಬರಿಗಳು ಒಂದು ಚಿತ್ರದಲ್ಲಿ ಸೇರಿದ್ದುವು. ಬರೆದವರ ಸಂಕಟ ನ್ಯಾಯವಾದದ್ದೇ. ಆದರೆ ಚಿತ್ರ ನೋಡಿದ ಜನ ರಾಮಾಚಾರಿಯನ್ನೂ ಚಾಮಯ್ಯ ಮೇಷ್ಟ್ರನ್ನೂ ಮನೆಯವರಂತೆ ಒಪ್ಪಿಕೊಂಡರು. ಚಿತ್ರದುರ್ಗದ ಕೋಟೆ ಹತ್ತುವವರು ಇಂದಿಗೂ ಅವರನ್ನು ನೆನೆಯುತ್ತಾರೆ. ಓದಿದವನ ಅಭಿಪ್ರಾಯ ಒಂದು, ನೋಡಿದವನ ಅಭಿಪ್ರಾಯ ಇನ್ನೊಂದು. ಎರಡೂ ಒಬ್ಬನಲ್ಲೇ ಇದ್ದರೆ ಎರಡನ್ನೂ ಬೇರೆ ಬೇರೆಯಾಗಿ ಹೇಳಬಹುದು.

ಇವೆಲ್ಲಕ್ಕಿಂತ ಹೆಚ್ಚು ಅಪಾಯಕಾರಿಯಾದದ್ದು ಬಹಳ ಸಣ್ಣ ಮಾತು, "ಅಂತೆ". "ಅವಾರ್ಡ್ ಪಿಕ್ಚರ್ ಅಂತೆ", "ಬರೀ ಬೋರಂತೆ." ರಾಮ್ ರೆಡ್ಡಿಯವರ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಿತು. ಪ್ರಶಸ್ತಿ ಬಂದಿದೆ ಎಂದಮೇಲೆ ಮಬ್ಬುಗತ್ತಲು, ಮೌನ, ಕಣ್ಣೀರು ಎಂದು ನೋಡದೆಯೇ ತಿಳಿದುಕೊಳ್ಳುವವರಿಗೇನು ಕೊರತೆ! ನೋಡಿದವರು ಕಂಡದ್ದು ಬೇರೆ. ಮಂಡ್ಯ ಜಿಲ್ಲೆಯ ಹಳ್ಳಿಗರೇ ಬಣ್ಣ ಹಚ್ಚದೆ ನಟಿಸಿದ ಆ ಚಿತ್ರದಲ್ಲಿ, ನೂರೊಂದು ವರ್ಷದ ಮುದುಕ ಸತ್ತಮೇಲೆ ಮಗ, ಮೊಮ್ಮಗ, ಮರಿಮಗ ಪಡುವ ಪಾಡು ನಗದವರನ್ನೂ ನಗಿಸುತ್ತದೆ. ಆಸ್ತಿಯ ಗೊಡವೆಯೇ ಬೇಡವೆಂದು ಊರೂರು ಅಲೆಯುವ ಗಡ್ಡಪ್ಪನನ್ನು ಒಮ್ಮೆ ಕಂಡವರು ಮರೆಯಲಾರರು. ಅಂತೆಕಂತೆಗಳ ಸಂತೆಯಲ್ಲಿ ಇಂಥ ಚಿತ್ರಗಳನ್ನು ಕಳೆದುಕೊಂಡವರಿಗೆ ನಷ್ಟವಾದದ್ದು ಟಿಕೆಟ್ಟಿನ ಹಣಕ್ಕಿಂತ ಹೆಚ್ಚಿನದು.

ಇನ್ನು ಇಂದಿನ ದಿನಗಳ ಒಂದು ವಿಶೇಷ ತೊಡಕನ್ನು ಹೇಳಬೇಕು. ಮೊದಲ ಪ್ರದರ್ಶನ ಮುಗಿಯುವುದೇ ತಡ, ಬಾಗಿಲಲ್ಲಿ ಮೈಕು ಹಿಡಿದವರು ನಿಂತಿರುತ್ತಾರೆ. "ಹೇಗಿದೆ ಸಾರ್?" ಎಂದೊಡನೆ ಅಭಿಮಾನಿ ಜಯಘೋಷ ಮಾಡುತ್ತಾನೆ. ಅಭಿಮಾನಿಯನ್ನು ಅವನ ನಾಯಕನ ಚಿತ್ರ ಹೇಗಿದೆಯೆಂದು ಕೇಳುವುದು ತಾಯಿಯನ್ನು ಅವಳ ಮಗ ಹೇಗಿದ್ದಾನೆಂದು ಕೇಳಿದಂತೆ. ಉತ್ತರ ಪ್ರೀತಿಯಿಂದ ಬರುತ್ತದೆ, ಪರಿಶೀಲನೆಯಿಂದಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ಇರುವುದು ಹಣಕ್ಕೆ ಹೊಗಳುವುದರಲ್ಲಿ, ಹಣಕ್ಕೆ ಬಯ್ಯುವುದರಲ್ಲಿ, ಚಿತ್ರವನ್ನು ನೋಡದೆಯೇ ಫೋನಿನಲ್ಲಿ ಅಂಕ ಕೊಡುವುದರಲ್ಲಿ. ಈ ದೂರು ಬಲವಾಗಿ, ಈಚೆಗೆ ಕೆಲವು ಕನ್ನಡ ಚಿತ್ರಗಳವರು ನ್ಯಾಯಾಲಯದ ಆದೇಶ ತಂದು, ಟಿಕೆಟ್ ಮಾರುವ ತಾಣಗಳಲ್ಲಿ ಅಂಕಗಳನ್ನೂ ಅಭಿಪ್ರಾಯಗಳನ್ನೂ ಮುಚ್ಚಿಸಿದರು. ಕೇರಳದಲ್ಲಿ ಹೈಕೋರ್ಟಿಗೆ ನೆರವಾಗಲು ನೇಮಕಗೊಂಡಿದ್ದ ವಕೀಲರು, ಚಿತ್ರ ಬಿಡುಗಡೆಯಾದ 48 ಗಂಟೆಗಳವರೆಗೆ ವಿಮರ್ಶೆ ಹೇಳದಿರುವುದು ಒಳ್ಳೆಯದೆಂದು 2024ರಲ್ಲಿ ಸಲಹೆ ಮಾಡಿದರು.

ಚಿತ್ರ ತೆಗೆದವರ ಭಯ ನಮಗೆ ಅರ್ಥವಾಗುತ್ತದೆ. ಆದರೆ ಸುಳ್ಳು ಮಾತನ್ನು ತಡೆಯಹೋಗಿ ನಿಜದ ಮಾತಿನ ಬಾಯಿಯನ್ನೂ ಕಟ್ಟಿದರೆ ನಷ್ಟ ಯಾರಿಗೆ? ನಾಲ್ಕು ಜನರ ಸಂಸಾರ ಪೇಟೆಯ ಮಲ್ಟಿಪ್ಲೆಕ್ಸಿಗೆ ಹೋಗಿಬರಬೇಕಾದರೆ ಟಿಕೆಟ್ಟು, ತಿಂಡಿ, ಆಟೋ ಎಲ್ಲ ಸೇರಿ ಸಾವಿರ ರೂಪಾಯಿ ಮೀರುವುದು ಕಷ್ಟವೇನಲ್ಲ. ತಿಂಗಳ ಸಂಬಳದಲ್ಲಿ ಅಷ್ಟನ್ನು ತೆಗೆದಿರಿಸಿದವನಿಗೆ ಮುಂಚಿತವಾಗಿ ವಿಚಾರಿಸುವ ಹಕ್ಕು ಇಲ್ಲವೆ? ಅಂಗಡಿಯಲ್ಲಿ ಮಾವಿನಹಣ್ಣನ್ನು ಮೂಸಿ ನೋಡುತ್ತೇವೆ. ಚಿತ್ರವನ್ನು ಹಾಗೆ ಮೂಸಿ ನೋಡುವಂತಿಲ್ಲ. ಇನ್ನೊಬ್ಬರ ಮಾತೇ ನಮ್ಮ ಮೂಗು. ಆದುದರಿಂದ ಇದಕ್ಕೆ ಮದ್ದು ಕಾಯಿದೆಯಲ್ಲಿ ಸಿಕ್ಕುವುದು ಸ್ವಲ್ಪವೇ. ಮಾರಾಟಕ್ಕಿಲ್ಲದ ಮಾತು ಇನ್ನೂ ಉಳಿದಿರುವುದು ನಮ್ಮ ನಿಮ್ಮ ಮನೆಗಳಲ್ಲಿ, ನಡುಮನೆಯಲ್ಲಿ, ಕಚೇರಿಯ ಊಟದ ಡಬ್ಬಿಗಳ ಮುಂದೆ. ಅದನ್ನು ಕೆಡದಂತೆ ಇಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ.

ಹೇಗೆ ಇಟ್ಟುಕೊಳ್ಳುವುದು? ಮೊದಲು ಕಂಡದ್ದನ್ನು ಹೇಳೋಣ, ಆಮೇಲೆ ಅನ್ನಿಸಿದ್ದನ್ನು ಹೇಳೋಣ. ತೀರ್ಪುಗಾರರಾಗುವ ಮೊದಲು ಸಾಕ್ಷಿಗಳಾಗೋಣ. "ಕೆಟ್ಟ ಚಿತ್ರ" ಎನ್ನುವುದಕ್ಕಿಂತ "ಹಾಸ್ಯವೆಂದು ದಪ್ಪಗಿರುವ ಹುಡುಗಿಯನ್ನು ಮೂರು ಕಡೆ ಹಂಗಿಸಿದ್ದಾರೆ, ನನಗೆ ಸಹಿಸಲಿಲ್ಲ" ಎಂಬುದು ಹೆಚ್ಚು ಉಪಯುಕ್ತವಾದ ಮಾತು. ಹೆಚ್ಚು ನ್ಯಾಯವಾದ ಮಾತು ಸಹ. ನೋಡದುದನ್ನು ಕುರಿತು ಮಾತನಾಡದಿರೋಣ. ಅರ್ಧಕ್ಕೆ ಎದ್ದು ಬಂದಿದ್ದರೆ ಅರ್ಧಕ್ಕೆ ಎದ್ದು ಬಂದೆನೆಂದೇ ಹೇಳೋಣ. ಹಿಡಿಸಿದ ಚಿತ್ರವನ್ನು ಕುರಿತು ಸುಮ್ಮನಿರದಿರೋಣ. ನಮ್ಮಲ್ಲಿ ಇದೊಂದು ವಿಚಿತ್ರವಿದೆ. ಹೋಟೆಲಿನ ದೋಸೆ ಸೀದಿದ್ದರೆ ಹತ್ತು ಜನಕ್ಕೆ ಹೇಳುತ್ತೇವೆ. ಚೆನ್ನಾಗಿದ್ದರೆ ತಿಂದು ಕೈತೊಳೆದು ಬರುತ್ತೇವೆ. ಸಣ್ಣ ಚಿತ್ರಗಳು ನಮ್ಮ ಈ ಸಂಕೋಚದಿಂದಲೇ ಹೆಚ್ಚು ಸೊರಗುತ್ತವೆ.

ಕೊನೆಯದಾಗಿ, ಮನೆಯ ಎಲ್ಲರನ್ನೂ ಕೇಳೋಣ. ಸಾಮಾನ್ಯವಾಗಿ ಟಿಕೆಟ್ ಕೊಂಡವರ ಅಭಿಪ್ರಾಯವೇ ಮನೆಯ ಅಭಿಪ್ರಾಯವೆಂದು ಹೊರಗೆ ಸಾರಿಹೋಗುತ್ತದೆ. 2022ರ ಸೆಪ್ಟೆಂಬರ್ 30ರಂದು ಬಂದ ರಿಷಬ್ ಶೆಟ್ಟಿಯವರ 'ಕಾಂತಾರ'ವನ್ನು ಮನೆಮಂದಿಯೆಲ್ಲ ಕೂಡಿ ನೋಡಿದ ಸಂಸಾರಗಳು ಎಷ್ಟೋ ಇವೆ, ನಿಮ್ಮದೂ ಇರಬಹುದು. ಕರಾವಳಿಯಲ್ಲಿ ಭೂತಕೋಲವನ್ನು ಕಣ್ಣಾರೆ ಕಂಡು ಬೆಳೆದ ಅಜ್ಜಿಗೆ ಕೊನೆಯ ದೃಶ್ಯದಲ್ಲಿ ಕೈ ಮುಗಿಯಬೇಕೆನ್ನಿಸಿತು. ಅದು ಅವಳಿಗೆ ಸಿನಿಮಾ ಆಗಿ ಉಳಿದಿರಲಿಲ್ಲ. ಮಗ ಆ ದೃಶ್ಯದ ಶಬ್ದವನ್ನೂ ಛಾಯಾಗ್ರಹಣವನ್ನೂ ಕೊಂಡಾಡಿದ. ಅಪ್ಪನಿಗೆ ಕಾಡಂಚಿನ ಜನರ ಜಮೀನಿನ ವ್ಯಾಜ್ಯ ತಮ್ಮೂರಿನದೇ ಎನ್ನಿಸಿತು. ಕಾಲೇಜಿಗೆ ಹೋಗುವ ಮಗಳು, "ನಾಯಕ ಲೀಲಾಳ ಸೊಂಟ ಚಿವುಟುವುದನ್ನು ತಮಾಷೆಯೆಂದು ತೋರಿಸಿದ್ದಾರಲ್ಲ, ಬಸ್ಸಿನಲ್ಲಿ ನಮಗೆ ಅದು ತಮಾಷೆಯಲ್ಲ" ಎಂದಳು. ನಾಲ್ವರೂ ನೋಡಿದ್ದು ಒಂದೇ ಚಿತ್ರ, ನಾಲ್ವರು ಹೇಳಿದ್ದೂ ನಿಜ. ಇದನ್ನೆಲ್ಲ ಕೂಡಿಸಿ "ಸೂಪರ್" ಎಂದೋ, ಐದಕ್ಕೆ ನಾಲ್ಕೂವರೆ ಎಂದೋ ಹೇಳಿದರೆ ಉಳಿಯುವುದೇನು? ಅಜ್ಜಿಯ ಭಕ್ತಿಯೂ ಹೋಯಿತು, ಮಗಳ ಸಿಟ್ಟೂ ಹೋಯಿತು.

ಹುಡುಗಿಯ ಆ ಮಾತನ್ನು ಅಪ್ಪ ಅಲ್ಲಿಯೇ ಅಡಗಿಸಿಬಿಟ್ಟರೆ ಅದು ಅಡಗುವುದು ಒಂದು ಮನೆಯಲ್ಲಿ. ಸಾವಿರ ಮನೆಗಳಲ್ಲಿ ಅಡಗಿದರೆ ಮುಂದಿನ ಚಿತ್ರದಲ್ಲಿಯೂ ಅದೇ ತಮಾಷೆ ಬರುತ್ತದೆ. ಸಾವಿರ ಮನೆಗಳಲ್ಲಿ ಕೇಳಿಬಂದರೆ, ಕಥೆ ಬರೆಯುವವನ ಲೇಖನಿ ಆ ಜಾಗದಲ್ಲಿ ಒಂದು ಗಳಿಗೆ ತಡೆಯುತ್ತದೆ. ನಾಟಕದ ನಟನಿಗೆ ಕೂಗಿದ್ದು ಅಂದೇ ಕೇಳಿಸುತ್ತಿತ್ತು. ಚಿತ್ರ ತೆಗೆಯುವವರಿಗೆ ನಮ್ಮ ಮಾತು ತಲಪುವುದು ಒಂದು ವರ್ಷ ತಡವಾಗಿ, ಮುಂದಿನ ಚಿತ್ರದ ಹೊತ್ತಿಗೆ. ತಡವಾದರೂ ತಲಪುತ್ತದೆ. ಮುಂದೆ ಎಂಥ ಚಿತ್ರಗಳು ನಮ್ಮ ಊರಿಗೆ ಬರಬೇಕು, ನಮ್ಮ ಮಕ್ಕಳು ಎಂಥವನ್ನು ನೋಡಿ ಬೆಳೆಯಬೇಕು ಎಂಬುದರಲ್ಲಿ ನಮಗಿರುವ ಪಾಲು ಅಷ್ಟೇ. ಆ ಪಾಲನ್ನು ಎರಡು ಮಾತಿನಲ್ಲಿ ಕಳೆಯದೆ, ನಾಲ್ಕು ಮಾತು ಹೆಚ್ಚಾಗಿ, ಕಂಡಂತೆ ಹೇಳಿ ಉಳಿಸಿಕೊಳ್ಳೋಣ.